ಕೊಲೆಗಾರನನ್ನು ಹಿಡಿದುಕೊಡುವ ನಾಣ್ಯ ಯಾವುದು?

ಪ್ರಶ್ನೆ: ನಾನು ಮಂಡ್ಯದ ಶಾಲಾ ಶಿಕ್ಷಕಿ. ಟಿವಿಗೆಂದು ಆರು ಕಂತಿನ ಒಂದು ಕೋರ್ಟ್ ಪತ್ತೇದಾರಿ ಕಥೆ ಬರೆಯುತ್ತಿದ್ದೇನೆ. ಪೆರಿ ಮೇಸನ್ ಧಾರಾವಾಹಿಯ ಹಳೇ ಕಂತುಗಳನ್ನು ನೋಡಿ ಹುಟ್ಟಿದ ಆಸೆ. ಮೈಸೂರಿನ ಅಗ್ರಹಾರದ ಹಳೇ ಮನೆಯೊಂದರಲ್ಲಿ ವಯಸ್ಸಾದ ನಾಣ್ಯ ಸಂಗ್ರಾಹಕರೊಬ್ಬರ ಕೊಲೆಯಾಗುತ್ತದೆ. ಅಪರೂಪದ ನಾಣ್ಯ ಕಳುವಾಗಿದೆ. ಪೊಲೀಸರು ಸೋದರಳಿಯನನ್ನು ಹಿಡಿಯುತ್ತಾರೆ. ಕೊನೆಯ ಕಂತಿನಲ್ಲಿ ವಕೀಲರು ನಾಣ್ಯ ಎತ್ತಿ ತೋರಿಸಿ, ನಿಜವಾದ ಕೊಲೆಗಾರ ಕೋರ್ಟಿನಲ್ಲೇ ಬಾಯಿ ಬಿಡುವ ಹಾಗೆ ಮಾಡಬೇಕು. ಯಾವ ನಾಣ್ಯ ಆರಿಸಲಿ? ಇದೆಲ್ಲ ನಂಬುವ ಹಾಗಿರುತ್ತದಾ? ಅಜ್ಜಿಯ ಡಬ್ಬಿಯಲ್ಲಿ ಆನೆ ಚಿತ್ರದ ತಾಮ್ರದ ಕಾಸು ಒಂದಿದೆ, ಅದನ್ನೇ ಬಳಸಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಮೂವತ್ತು ವರ್ಷದಿಂದ ಮೈಸೂರಿನಲ್ಲಿ ಕೂತು ನಾಣ್ಯ ಕೂಡಿಡುತ್ತಿದ್ದೇನೆ. ‘ಇದಕ್ಕೆ ಎಷ್ಟು ಸಿಗುತ್ತೆ ಸಾರ್’ ಅಂತಲೇ ಎಲ್ಲರೂ ಕೇಳುವುದು. ‘ಇದರಿಂದ ಕೊಲೆಗಾರನನ್ನು ಹಿಡಿಯಬಹುದಾ’ ಅಂತ ಕೇಳಿದವರು ನೀವೊಬ್ಬರೇ.

ನಿಮ್ಮ ಕಥೆಯಲ್ಲಿ ಮೊದಲು ಬದಲಾಗಬೇಕಾದದ್ದು ‘ಅಪರೂಪದ’ ಅನ್ನುವ ಪದ. ನಾಣ್ಯ ಎಷ್ಟು ಅಪರೂಪ ಅನ್ನುವುದು ಕೊಲೆಗೆ ಕಾರಣ ಆಗಬಹುದು, ಸಾಕ್ಷಿ ಆಗುವುದಿಲ್ಲ. ಕೋರ್ಟಿಗೆ ಬೇಕಾದದ್ದು ಇಷ್ಟೇ: ಇವನ ಹತ್ತಿರ ಸಿಕ್ಕಿದ ನಾಣ್ಯ, ಸತ್ತವರ ಬೀರುವಿನಲ್ಲಿದ್ದ ನಾಣ್ಯ, ಎರಡೂ ಒಂದೇನಾ? ಅಂಥದ್ದೇ ಇನ್ನೊಂದಲ್ಲ, ಅದೇನಾ? ಇದನ್ನು ಸಾಬೀತು ಮಾಡುವುದು ಕಷ್ಟ.

ಆದ್ದರಿಂದ ಯಂತ್ರದಲ್ಲಿ ಅಚ್ಚಾದ ನಾಣ್ಯ ಬೇಡ. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ಸಂಗ್ರಾಹಕರ ಕನಸು, ನಿಜ. ಆದರೆ ಹಾಗಿರುವ ಎರಡನ್ನು ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗಿರುತ್ತವೆ. ಎದುರು ವಕೀಲರು ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತಾರೆ: ‘ಇಂಥ ನಾಣ್ಯ ಬೇರೆಯವರ ಹತ್ತಿರವೂ ಇದೆ ಎಂದರೆ ಸರಿಯೇ?’ ಸರಿ ಅನ್ನದೆ ವಿಧಿಯಿಲ್ಲ.

ಸುತ್ತಿಗೆ ನಾಣ್ಯ ಆರಿಸಿ. ಅಂದರೆ ಕಾಯಿಸಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಕೈಯಿಂದ ಹೊಡೆದು ಮಾಡಿದ್ದು. ಇಂಥವುಗಳಲ್ಲಿ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಒಂದರಲ್ಲಿ ಏಟು ಎಡಕ್ಕೆ ಜಾರಿ ಅಕ್ಷರ ಅರ್ಧ ಹೊರಗೆ ಹೋಗಿರುತ್ತದೆ, ಇನ್ನೊಂದರ ಅಂಚು ಬಿರುಕು ಬಿಟ್ಟಿರುತ್ತದೆ. ಬೆಳ್ಳಿ ರೂಪಾಯಿಗಳ ಮೇಲೆ ಆ ಕಾಲದ ಚಿನಿವಾರರು, ಅಂದರೆ ಹಣ ವಿನಿಮಯ ಮಾಡುತ್ತಿದ್ದವರು, ಪರೀಕ್ಷೆಗೆಂದು ಹೊಡೆದ ಸಣ್ಣ ಗುರುತುಗಳೂ ಇರುತ್ತವೆ. ಸಂಗ್ರಾಹಕರು ಒಂದು ಒಳ್ಳೆಯ ಫೋಟೊ ತೆಗೆದು, ತೂಕವನ್ನು ಮಿಲಿಗ್ರಾಂ ಮಟ್ಟಿಗೆ ಬರೆದಿಟ್ಟಿದ್ದರೆ ಆ ನಾಣ್ಯಕ್ಕೆ ಆಧಾರ್ ಕಾರ್ಡ್ ಇದ್ದ ಹಾಗೆ.

ಯಾವುದು ಅಂದರೆ, ನನ್ನ ಮತ ಟಿಪ್ಪು ಸುಲ್ತಾನನ ‘ಹೈದರಿ’ ಎಂಬ ನಾಣ್ಯಕ್ಕೆ. ಇದು ಇಮ್ಮಡಿ ರೂಪಾಯಿ, ಸುಮಾರು 23 ಗ್ರಾಂ ಬೆಳ್ಳಿ. ಅಂಗೈಯಲ್ಲಿಟ್ಟರೆ ತೂಕ ಗೊತ್ತಾಗುತ್ತದೆ, ಕ್ಯಾಮೆರಾಗೂ ಚೆನ್ನಾಗಿ ಕಾಣುತ್ತದೆ. ಕಂಠೀರಾಯಿ ಹಣವನ್ನು ದಯವಿಟ್ಟು ಆರಿಸಬೇಡಿ. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಆ ಚಿನ್ನದ ಹಣದ ಒಂದು ಬದಿಗೆ ನರಸಿಂಹ, ಇನ್ನೊಂದು ಬದಿಗೆ ನಾಗರಿಯಲ್ಲಿ ಶ್ರೀ ಕಂಠೀರವ ಎಂದಿದೆ. ನನಗಂತೂ ಪ್ರಾಣ. ಆದರೆ ತೂಕ ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು, ಗಾತ್ರ ತೊಗರಿಬೇಳೆಯಷ್ಟು. ವಕೀಲರು ಅದನ್ನು ಎತ್ತಿ ತೋರಿಸಿದರೆ ನ್ಯಾಯಾಧೀಶರಿಗೆ ಬೆರಳು ಮಾತ್ರ ಕಾಣುತ್ತದೆ.

ಟಿಪ್ಪು ನಾಣ್ಯದಲ್ಲಿ ಪತ್ತೇದಾರಿ ಕಥೆಗೆಂದೇ ಮಾಡಿಟ್ಟಂಥ ಒಂದು ವಿಶೇಷ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟಿಪ್ಪು ಪಟ್ಟಕ್ಕೆ ಬಂದದ್ದು 1782ರ ಕೊನೆಯಲ್ಲಿ. ಮೊದಲ ಕೆಲವು ವರ್ಷ ಅವನ ನಾಣ್ಯಗಳ ಮೇಲೆ ಹಿಜರಿ ವರ್ಷ ಇರುತ್ತದೆ: 1197, 1198, ಹೀಗೆ. 1787ರಲ್ಲಿ ಅವನು ಲೆಕ್ಕವನ್ನೇ ಬದಲಾಯಿಸಿದ. ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆ ತಂದ. ಹಾಗಾಗಿ ನಾಣ್ಯದ ಮೇಲಿನ ವರ್ಷ 1200ರ ಆಸುಪಾಸಿನಿಂದ ಒಮ್ಮೆಗೇ 1215ಕ್ಕೆ ಹಾರುತ್ತದೆ. ಯಾರಾದರೂ ‘1208ರ ಟಿಪ್ಪು ನಾಣ್ಯ ಇದೆ ಸಾರ್’ ಅಂದರೆ ನಾನು ಕಾಫಿ ಕುಡಿಸಿ ಕಳಿಸುತ್ತೇನೆ.

ಅದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಪರ್ಷಿಯನ್ ಬರಹದಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋಗುತ್ತದೆ, ಆದರೆ ಅಂಕಿಗಳನ್ನು ನಮ್ಮ ಹಾಗೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಟಿಪ್ಪು ಮೌಲೂದಿ ಶಕೆಯ ಜೊತೆಗೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ತಿರುಗಿಸಿಬಿಟ್ಟ. 1216 ಅನ್ನುವುದು ನಾಣ್ಯದ ಮೇಲೆ, ನಾವು ಓದುವ ರೀತಿಯಲ್ಲಿ, 6121 ಅಂತ ಕಾಣುತ್ತದೆ. ಮೊದಲ ಸಲ ನೋಡಿದವರು ಅಚ್ಚು ಕೊರೆದವನೇ ತಪ್ಪಿದ್ದಾನೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಈಗ ಕಥೆ ಹೀಗೆ ಹೆಣೆಯಬಹುದು. ಸಂಗ್ರಾಹಕರು ನಾಣ್ಯಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಮಾತ್ರ ಸದಾ ಬಿದ್ದಿರುತ್ತದೆ. ಅದರಲ್ಲಿ ಕನ್ನಡದಲ್ಲಿ ನೀಟಾಗಿ ‘ಹೈದರಿ, ಪಟ್ಟಣ, 1216’ ಅಂತ ಬರೆದಿದೆ. ಪಟ್ಟಣ ಅಂದರೆ ನಿಮ್ಮ ಜಿಲ್ಲೆಯ ಶ್ರೀರಂಗಪಟ್ಟಣ, ಅಲ್ಲಿನ ಟಂಕಸಾಲೆ. ಕೊಲೆಗಾರ ಅಸಲಿಯನ್ನು ಕದ್ದು ಅದರ ಜಾಗದಲ್ಲಿ ನಕಲಿ ಇಡುವ ಯೋಚನೆ ಮಾಡುತ್ತಾನೆ. ಅಸಲಿ ನಾಣ್ಯವನ್ನು ಅವನು ಕೈಯಲ್ಲಿ ಹಿಡಿದು ನೋಡಿಯೇ ಇಲ್ಲ. ಎಲ್ಲೋ ಸಿಕ್ಕ ಹಿಜರಿ 1200ರ ಹೈದರಿಯ ಚಿತ್ರ ಕೊಟ್ಟು ನಕಲಿ ಮಾಡಿಸುತ್ತಾನೆ. ವರ್ಷ ಮಾತ್ರ ನೋಟ್‌ಬುಕ್ ನೋಡಿಕೊಂಡು ತಿದ್ದಿಸುತ್ತಾನೆ. ಪಾಪ, ಬಹಳ ಜಾಗ್ರತೆಯಿಂದ, ಸರಿಯಾಗಿ 1216 ಅಂತ ಹಾಕಿಸುತ್ತಾನೆ. ಎಡದಿಂದ ಬಲಕ್ಕೆ.

ಸೋದರಳಿಯ ಚಿಕ್ಕಂದಿನಿಂದ ಮಾವನ ಪಕ್ಕ ಕೂತು ಆ ನಾಣ್ಯ ನೋಡುತ್ತಾ ಬೆಳೆದ ಹುಡುಗ. ಅವನೇ ನಕಲಿ ಮಾಡಿಸಿದ್ದರೆ 6121 ಅಂತಲೇ ಮಾಡಿಸುತ್ತಿದ್ದ. ಹಾಗಾದರೆ ಬೀರುವಿನಲ್ಲಿ ಸಿಕ್ಕ ನಕಲಿ, ನೋಟ್‌ಬುಕ್ ಮಾತ್ರ ಓದಿ ನಾಣ್ಯ ನೋಡದ ಯಾರದೋ ಕೆಲಸ. ಲೆಕ್ಕ ಬರೆಯಲು ಬರುತ್ತಿದ್ದವರೋ, ವಿಮೆ ಮಾಡಿಸಲು ಪಟ್ಟಿ ಕೇಳಿದವರೋ, ಅದು ನಿಮಗೆ ಬಿಟ್ಟದ್ದು. ತಪ್ಪು ಓದಿ ಸಿಕ್ಕಿಬೀಳುವ ಕೊಲೆಗಾರರು ಬೇಕಾದಷ್ಟು ಜನ ಇದ್ದಾರೆ. ಸರಿಯಾಗಿ ಬರೆಸಿ ಸಿಕ್ಕಿಬೀಳುವವನು ಹೊಸಬ.

ಇದಕ್ಕೆ ಎರಡನೇ ಬೀಗವೂ ಹಾಕಬಹುದು. ಟಿಪ್ಪುವಿನ ಪಂಚಾಂಗದಲ್ಲಿ ನಮ್ಮ ಸಂವತ್ಸರಗಳ ಹಾಗೇ 60 ವರ್ಷದ ಚಕ್ರ ಇತ್ತು, ವರ್ಷಕ್ಕೊಂದು ಹೆಸರು. ಕೆಲವು ಬೆಳ್ಳಿ ನಾಣ್ಯಗಳ ಮೇಲೆ ಆ ಹೆಸರೂ ಇರುತ್ತದೆ. ಅಂಕಿ ತಿದ್ದಿದವನು ಹೆಸರು ತಿದ್ದುವುದನ್ನು ಮರೆತಿರುತ್ತಾನೆ. ಪರಾಭವ ಸಂವತ್ಸರ ಅಂತ ಬರೆದು ಕೆಳಗೆ ಬೇರೆ ಇಸವಿ ಹಾಕಿದ ಲಗ್ನಪತ್ರಿಕೆಯ ಹಾಗೆ. ಆದರೆ ಟಿವಿಯಲ್ಲಿ ಎರಡೂ ಜಾಸ್ತಿ ಆಗಬಹುದು. ಅಂಕಿಯೊಂದೇ ಸಾಕು, ಮನೆಯಲ್ಲಿ ಕೂತವರಿಗೂ ಕಣ್ಣಿಗೆ ಕಾಣುತ್ತದೆ.

ಒಂದು ಎಚ್ಚರಿಕೆ. ‘ನಾಣ್ಯದ ಮೇಲೆ ಟಿಪ್ಪು ಅಂತ ಬರೆದಿದೆ’ ಎಂಬ ಸಂಭಾಷಣೆ ಎಲ್ಲೂ ಬರದಿರಲಿ. ಅವನ ನಾಣ್ಯಗಳ ಮೇಲೆ ಅವನ ಹೆಸರಿಲ್ಲ. ಬೆಳ್ಳಿ ನಾಣ್ಯದ ಮೇಲಿರುವುದು ಹೈದರನ ವಿಜಯದಿಂದ ಅಹಮದನ (ಅಂದರೆ ಪ್ರವಾದಿಯವರ) ಧರ್ಮ ಜಗತ್ತಿನಲ್ಲಿ ಬೆಳಗಿತು ಎಂಬ ಅರ್ಥದ ಸಾಲು. ಹೈದರಾಲಿಯ ಚಿನ್ನದ ವರಹದ ಮೇಲೆ ಶಿವ-ಪಾರ್ವತಿ ಇದ್ದಾರೆ, ಹಿಂಬದಿಗೆ ಅವನ ಹೆಸರಿನ ಮೊದಲ ಅಕ್ಷರ ಒಂದೇ.

ಇನ್ನು ನಕಲಿಯನ್ನು ಕಂಡುಹಿಡಿಯುವ ದೃಶ್ಯ. ಭೂತಗನ್ನಡಿ ಹಿಡಿದು ‘ಇದು ನಕಲಿ!’ ಅಂತ ಕೂಗಿಸಬೇಡಿ. ನನ್ನದೇ ಕಥೆ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ನಾಣ್ಯ ಮೇಳದಲ್ಲಿ ಒಂದು ಹೈದರಿ ಕೊಂಡೆ. ಮಾರಿದವರು ಯಾರು ಅನ್ನುವುದು ಬೇಡ. ತೂಕ ಸರಿಯಾಗಿ 23 ಗ್ರಾಂ. ಮನೆಗೆ ಬಂದು, ನೂಲು ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಮತ್ತೆ ತೂಗಿದೆ. ಒಳ್ಳೆ ಬೆಳ್ಳಿ ನೀರಿನೊಳಗೆ ತನ್ನ ತೂಕದ ಸುಮಾರು ಹತ್ತೂವರೆಯಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಅಂದರೆ 2.2 ಗ್ರಾಂ ಕಡಿಮೆಯಾಗಬೇಕು. ನನ್ನದು 2.6 ಕಡಿಮೆಯಾಯಿತು. ಒಳಗೆ ತಾಮ್ರ, ಮೇಲೆ ಬೆಳ್ಳಿ ನೀರು. ನನ್ನ ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. ಏನೂ ಹೇಳಲಿಲ್ಲ, ಲೋಟ ತೊಳೆದಿಡಿ ಅಂದಳು ಅಷ್ಟೇ. ಈ ಪರೀಕ್ಷೆಗೆ ಬೇಕಾದದ್ದು ಒಂದು ತಕ್ಕಡಿ, ಲೋಟ, ನೂಲು. ಟಿವಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸಿಗುವುದಿಲ್ಲ. ಅಶೋಕ ರಸ್ತೆಯ ಚಿನ್ನದ ಅಂಗಡಿಗಳಲ್ಲಿ ಇರುವ ಎಕ್ಸ್‌ರೇ ಯಂತ್ರವನ್ನೂ ತೋರಿಸಬಹುದು. ಆದರೆ ಅದು ಮೇಲ್ಮೈಯನ್ನಷ್ಟೇ ಓದುತ್ತದೆ. ಲೇಪನ ದಪ್ಪಗಿದ್ದರೆ ಮೋಸ ಹೋಗುತ್ತದೆ. ಎರಕದ ನಕಲಿಯಾದರೆ ಅಂಚಿನಲ್ಲಿ ಸಣ್ಣ ಜೋಡಣೆ ಗೆರೆ, ಮೈಮೇಲೆ ಗುಳ್ಳೆ ಒಡೆದ ತೂತುಗಳು, ಅಕ್ಷರಗಳ ಮೂಲೆಗಳು ಸೋಪಿನ ಹಾಗೆ ಸವೆದಂತೆ ಇರುತ್ತವೆ.

ತಜ್ಞರ ಸಾಕ್ಷ್ಯದ ಬಗ್ಗೆ ನನ್ನ ತಮ್ಮನನ್ನು ಕೇಳಿದೆ. ಅವನು ಮೈಸೂರಿನಲ್ಲೇ ಕ್ರಿಮಿನಲ್ ವಕೀಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂನಲ್ಲಿ ತಜ್ಞರ ಅಭಿಪ್ರಾಯಕ್ಕೆ ಜಾಗ ಇದೆ. ಹಳೇ ಕಾಯಿದೆಯಲ್ಲಿ ಅದು 45ನೇ ಕಲಂ. ಆದರೆ ಅಭಿಪ್ರಾಯ ಅಭಿಪ್ರಾಯವೇ. ಕಾರಣ ಕೊಡಬೇಕು, ಪಾಟಿ ಸವಾಲಿಗೆ ನಿಲ್ಲಬೇಕು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಸೇರಿದ್ದು. ಪರ್ಷಿಯನ್ ಓದಿಸಲು ಪೊಲೀಸರು ನಾಣ್ಯವನ್ನು ಎಲ್ಲಿಗೆ ಕಳಿಸಬೇಕು ಅನ್ನುವುದೂ ನಿಮಗೆ ಒಂದು ಒಳ್ಳೆಯ ತಿರುವು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ, ಆದರೆ ಅರಬಿ-ಪರ್ಷಿಯನ್ ಶಾಸನಗಳ ಶಾಖೆ ಇರುವುದು ನಾಗಪುರದಲ್ಲಿ. ಇನ್‌ಸ್ಪೆಕ್ಟರು ‘ಇಲ್ಲೇ ಆಯ್ತು ಬಿಡಿ’ ಅಂತ ನಾಗಪುರಕ್ಕೆ ಕಳಿಸದೆ ಬಿಟ್ಟಿದ್ದಾರೆ, ವರ್ಷ ಯಾರೂ ಓದಿಯೇ ಇಲ್ಲ ಅಂತ ಬರೆದರೆ ನಂಬಬಹುದು.

ತಜ್ಞರೂ ತಪ್ಪುತ್ತಾರೆ. ಅಮೆರಿಕದ 1913ರ ಲಿಬರ್ಟಿ ನಿಕಲ್ ಅನ್ನುವ ಐದು ಸೆಂಟಿನ ನಾಣ್ಯದಲ್ಲಿ ಜಗತ್ತಿಗೆ ಗೊತ್ತಿರುವುದು ಐದೇ. ಅದರಲ್ಲಿ ಒಂದನ್ನು ಇಟ್ಟುಕೊಂಡಿದ್ದ ಜಾರ್ಜ್ ವಾಲ್ಟನ್ ಎಂಬ ಸಂಗ್ರಾಹಕ 1962ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ನಾಣ್ಯ ನೋಡಿದ ಪರಿಣತರು, ಇಸವಿ ತಿದ್ದಿದ ನಕಲಿ ಅಂತ ವಾಪಸು ಕೊಟ್ಟರು. ಅದು ಮನೆಯ ಕಪಾಟಿನಲ್ಲಿ ನಲವತ್ತು ವರ್ಷ ಕೂತಿತ್ತು. 2003ರಲ್ಲಿ ಉಳಿದ ನಾಲ್ಕರ ಪಕ್ಕ ಇಟ್ಟು ನೋಡಿದಾಗ ಅಸಲಿ ಅಂತ ತಿಳಿಯಿತು. 2013ರ ಹರಾಜಿನಲ್ಲಿ 30 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಿಮ್ಮ ಕಥೆಯಲ್ಲಿ ತಜ್ಞರನ್ನು ಪಾಟಿ ಸವಾಲು ಮಾಡುವ ವಕೀಲರು ಈ ಕಥೆ ಹೇಳಿ ಅವರ ಬೆವರು ಇಳಿಸಬಹುದು.

ಈಗ ನಿಮಗೆ ಇಷ್ಟವಾಗದ ಮಾತು. ಪೆರಿ ಮೇಸನ್ ಅಮೆರಿಕದಲ್ಲಿ 1957ರಿಂದ 1966ರವರೆಗೆ ಬಂತು. ನಿಜವಾದ ಅಪರಾಧಿ ಕೊನೆಯಲ್ಲಿ ಕುಸಿದು ಒಪ್ಪಿಕೊಳ್ಳುವುದು ಅದರ ಬ್ರ್ಯಾಂಡೇ ಆಗಿಹೋಗಿತ್ತು. ಅಲ್ಲೂ ಅದು ನಾಟಕವೇ. ನಮ್ಮಲ್ಲಿ ಒಬ್ಬ ಸಾಕ್ಷಿ ಕಟಕಟೆಯಲ್ಲಿ ‘ನಾನೇ ಕೊಂದೆ’ ಅಂದರೆ, ನ್ಯಾಯಾಧೀಶರು ಸುತ್ತಿಗೆ ಬಡಿದು ಅವನನ್ನು ಜೈಲಿಗೆ ಕಳಿಸಿ ಸೋದರಳಿಯನನ್ನು ಬಿಡುವುದಿಲ್ಲ. ಅಂದ ಹಾಗೆ ನಮ್ಮ ಕೋರ್ಟುಗಳಲ್ಲಿ ಆ ಮರದ ಸುತ್ತಿಗೆಯೂ ಇಲ್ಲ, ಅದನ್ನು ಸಿನಿಮಾದವರು ತಂದದ್ದು. ಕೋರ್ಟ್ ಒತ್ತಾಯಿಸಿ ಪಡೆದ ಉತ್ತರವನ್ನು ಆ ಸಾಕ್ಷಿಯ ಮೇಲೆಯೇ ಬಳಸದಂತೆ ಕಾನೂನು ರಕ್ಷಣೆ ಕೊಡುತ್ತದೆ. ಆದರೆ ವಿಚಾರಣೆ ನಡೆಯುವಾಗ ಬಂದ ಸಾಕ್ಷ್ಯದಿಂದ ಬೇರೊಬ್ಬ ಅಪರಾಧ ಮಾಡಿದಂತೆ ಕಂಡರೆ, ಅವನನ್ನೂ ಆರೋಪಿಯಾಗಿ ಕರೆಸುವ ಅಧಿಕಾರ ಕೋರ್ಟಿಗಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 319, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 358. ನಿಮ್ಮ ಕೊನೆಯ ಕಂತಿಗೆ ಇದು ಸಾಕಲ್ವಾ? ಅವನು ಕೂಗಿ ಅಳಬೇಕಾಗಿಲ್ಲ. ನಾಣ್ಯದ ತಜ್ಞರ ಸಾಕ್ಷಿಯೂ ಮುಗಿದು ಅವನು ಎದ್ದು ಹೋಗುತ್ತಿರುವಾಗ ವಕೀಲರು ಅರ್ಜಿ ಕೊಡುತ್ತಾರೆ, ಅವನಿಗೆ ಬಾಗಿಲಲ್ಲೇ ಅರ್ಥವಾಗುತ್ತದೆ.

ಪಾಟಿ ಸವಾಲಿನ ಭಾಷೆ ಗಮನಿಸಿ. ನಮ್ಮ ಕೆಳಗಿನ ಕೋರ್ಟುಗಳಲ್ಲಿ ಹೇಳಿಕೆ ಟೈಪಾಗುವುದೇ ಬೇರೆ ಥರ. ಬೆರಳು ತೋರಿಸಿ ಅಬ್ಬರಿಸುವುದು ಕಡಿಮೆ. ಹೀಗಿರುತ್ತದೆ:

‘ನೀವು ಮೃತರ ನೋಟ್‌ಬುಕ್ ನೋಡಿದ್ದೀರಿ ಎಂದರೆ ಸರಿಯೇ?’
‘ಸರಿ. ಪಟ್ಟಿ ಮಾಡಲು ಕೊಟ್ಟಿದ್ದರು.’
‘ಹೈದರಿ ನಾಣ್ಯವನ್ನೂ ನೋಡಿದ್ದೀರಿ?’
‘ನೋಡಿದ್ದೇನೆ. ಹತ್ತಾರು ಸಲ.’
‘ಅದರ ಮೇಲಿನ ವರ್ಷವನ್ನು ಕಂಡ ಹಾಗೇ ಈ ಹಾಳೆಯಲ್ಲಿ ಬರೆಯಿರಿ.’

ಅವನು 1216 ಅಂತ ಬರೆಯುತ್ತಾನೆ. ವಕೀಲರು ಹಾಳೆ ತೆಗೆದುಕೊಂಡು ‘ಇದನ್ನು ನಿಶಾನೆ ಮಾಡಬೇಕು ಸ್ವಾಮಿ’ (ಅಂದರೆ ದಾಖಲೆಯಾಗಿ ಗುರುತು ಹಾಕಬೇಕು) ಅಂತ ಕೊಟ್ಟು ಕೂರುತ್ತಾರೆ. ಏನೂ ವಿವರಿಸುವುದಿಲ್ಲ. ವಿವರಣೆ ಮುಂದಿನ ಸಾಕ್ಷಿಯಿಂದ, ಅಂದರೆ ನಾಣ್ಯದ ತಜ್ಞರಿಂದ ಬರಲಿ. ನಾಣ್ಯ ನೋಡಿದ್ದೇನೆ ಅಂತ ಅವನು ಸುಳ್ಳು ಹೇಳಲು ಏನು ಕಾರಣ ಅನ್ನುವುದನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಆದರೂ ಬರೀ ಇಷ್ಟರಿಂದ ಕೊಲೆ ಸಾಬೀತಾಗುವುದಿಲ್ಲ. ನಕಲಿ ಮಾಡಿಸಿದ್ದು ಮೋಸ, ಅಷ್ಟೇ. ಇನ್ನೊಂದು ಸೂಕ್ಷ್ಮ: ಕಾನೂನಿನಲ್ಲಿ ಖೋಟಾ ನಾಣ್ಯದ ಅಪರಾಧ ಇರುವುದು ಸದ್ಯ ಹಣವಾಗಿ ಚಲಾವಣೆಯಲ್ಲಿರುವ ನಾಣ್ಯಕ್ಕೆ. ಟಿಪ್ಪು ನಾಣ್ಯದ ನಕಲಿಯನ್ನು ಅಸಲಿ ಅಂತ ಮಾರಿದರೆ ಅದು ವಂಚನೆಯ ಕೇಸು. ಸಾಂದರ್ಭಿಕ ಸಾಕ್ಷ್ಯದ ಮೇಲೆ ಶಿಕ್ಷೆಯಾಗಬೇಕಾದರೆ ಕೊಂಡಿಗೆ ಕೊಂಡಿ ಸೇರಿ ಸರಪಳಿ ಪೂರ್ತಿಯಾಗಬೇಕು ಅಂತ ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಹೇಳಿದೆ. ಅಸಲಿ ನಾಣ್ಯ ಎಲ್ಲಿ ಸಿಕ್ಕಿತು, ಯಾರ ಎದುರು ಮಹಜರು ಆಯಿತು, ಸೀಲು ಹಾಕಿದಾಗ ತೂಕ ಬರೆದರಾ, ಇದೆಲ್ಲ ಬೇಕು. ಮಹಜರಿನಲ್ಲಿ ಸುಮ್ನೆ ‘ಒಂದು ಬಿಳಿ ಲೋಹದ ಹಳೇ ನಾಣ್ಯ’ ಅಂತ ಬರೆದಿದ್ದರೆ ಮುಗಿಯಿತು. ಅಸಲಿಯೋ ನಕಲಿಯೋ, ಎರಡೂ ಬಿಳಿ ಲೋಹದ ಹಳೇ ನಾಣ್ಯವೇ. ಮಹಜರಿನ ಆ ಒಂದು ಸಾಲಿನ ಮೇಲೆ ಒಂದು ಇಡೀ ಕಂತು ನಿಲ್ಲಿಸಬಹುದು.

ಕೊಲೆಗೆ ಕಾರಣ ಏನು ಅನ್ನುವುದಕ್ಕೆ ಕಾಯಿದೆಯಲ್ಲೇ ಒಂದು ಸುಳಿವಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯಿದೆಯ ಪ್ರಕಾರ ಪುರಾವಸ್ತು. ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ಹೊರದೇಶದ ಗಿರಾಕಿಗೆ ಮಾತು ಕೊಟ್ಟು ಸಿಕ್ಕಿಕೊಂಡವನು ಕೊಲೆಯವರೆಗೆ ಹೋಗುವುದು ಸಹಜವಾಗಿ ಕಾಣುತ್ತದೆ. ನೆಲ ಅಗೆಯುವಾಗ ಸಿಕ್ಕಿದ್ದು ಅಂತ ಮಾಡಿದರೆ ನಿಧಿ ಕಾಯಿದೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕಾಗುತ್ತದೆ, ಕಥೆ ದಾರಿ ತಪ್ಪುತ್ತದೆ. ಅದು ಬೇಡ.

ಕೊನೆಗೆ ನಿಮ್ಮ ಅಜ್ಜಿಯ ಕಾಸು. ಆನೆಯ ಜೊತೆ ಕನ್ನಡ ಅಕ್ಷರ, ‘ಮಯಿಲಿ ಕಾಸು’ ಅಂತಲೋ ಶ್ರೀ ಚಾಮುಂಡಿ ಅಂತಲೋ ಕಂಡರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಕನ್ನಡ ಇಲ್ಲದೆ ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್‌ನಲ್ಲಿ ಊರಿನ ಹೆಸರು ಇದ್ದರೆ ಟಿಪ್ಪುವಿನದು. ಎರಡೂ ಸಾಕಷ್ಟು ಸಿಗುತ್ತವೆ, ಅದಕ್ಕಾಗಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಫೋನಿನಲ್ಲಿ ಯಾರಾದರೂ ಅದಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂದರೆ ಇಟ್ಟುಬಿಡಿ. ಇದರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಎರಡೂ ಬದಿಯ ಫೋಟೊ ತೆಗೆದು ಕಳಿಸಿ, ಓದಿ ಹೇಳುತ್ತೇನೆ. ಫೋಟೊಗೆ ಚೆನ್ನಾಗಿ ಕಾಣಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ.